ಮುಚ್ಚಳದಷ್ಟು ತೀರ್ಥ

ಕಾರ್ಕಳದ ಅತ್ತೂರು ಇಗರ್ಜಿಯ (ಚರ್ಚಿನ) ವರ್ಷದ ಹಬ್ಬ ಸಾಂತ್‌ಮಾರಿಗೆ ಈ ಸಲ ಹೋಗುವುದು ಬೇಡ ಅಂತ ಹೇಳಿದವಳು ನಾನೇ. ಜನ ಜಾಸ್ತಿ, ಬಿಸಿಲು, ಇವರಿಗೆ ನಿಲ್ಲಲು ಆಗುವುದಿಲ್ಲ ಅಂತ ನಾಲ್ಕು ಕಾರಣ ಕೊಟ್ಟೆ. ನಿಜವಾದ ಕಾರಣ ಅದಲ್ಲ. ನನಗೆ ದೇವರ ಮೇಲೆ ಸಿಟ್ಟು ಬಂದಿತ್ತು. ಸಿಟ್ಟು ಅಂದರೂ ಸರಿಯಾಗಲಿಕ್ಕಿಲ್ಲ, ಸಿಟ್ಟು ಮಾಡಬೇಕಾದರೆ ಎದುರಿಗೆ ಯಾರಾದರೂ ಇರಬೇಕಲ್ಲ. ಅಲ್ಲಿ ಯಾರೂ ಇಲ್ಲವೇನೋ ಅನ್ನುವ ಹಾಗೆ ಆಗಿಬಿಟ್ಟಿತ್ತು.

ಇವರ ಎರಡೂ ಕಿಡ್ನಿ ಕೈಕೊಟ್ಟು ಎರಡು ವರ್ಷವಾಗುತ್ತಾ ಬಂತು. ಕುವೈತಿನಲ್ಲಿ ಕೆಲಸದಲ್ಲಿದ್ದವರು. ರಜೆಗೆ ಬಂದಾಗ ಕಾಲು ಊದಿದ್ದನ್ನು ಮಾಂಯ್ ನೋಡಿದರು (ಮಾಂಯ್ ಅಂದರೆ ನನ್ನ ಅತ್ತೆ, ನಾವು ಕೊಂಕಣಿಯವರು), ಆಸ್ಪತ್ರೆಗೆ ಹೋಗು ಅಂತ ಅಟ್ಟಿದರು, ಅಲ್ಲಿಂದ ಶುರು. ಈಗ ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್. ಸಲಕ್ಕೆ ನಾಲ್ಕು ಗಂಟೆ. ಬೆಳಕು ಹರಿಯುವ ಮೊದಲೇ ಮೂಡುಬಿದಿರೆಯಿಂದ ಮಂಗಳೂರಿಗೆ ಹೊರಡಬೇಕು. ಕುವೈತಿನ ಕೆಲಸ ಹೋಯಿತು, ನನ್ನ ಬಳೆಗಳು ಬ್ಯಾಂಕಿನ ಲಾಕರಿಗೆ ಹೋದವು, ಲಾಕರ್ ನಮ್ಮದಲ್ಲ ಅಷ್ಟೇ.

ಆದರೆ ಈ ಕಾಯಿಲೆಯ ದೊಡ್ಡ ಕಷ್ಟ ಯಾವುದು ಅಂತ ಕೇಳಿದರೆ ಸೂಜಿಯೂ ಅಲ್ಲ, ಖರ್ಚೂ ಅಲ್ಲ, ಬಾಯಾರಿಕೆ. ಇವರಿಗೆ ಡಾಕ್ಟರು ಕೊಟ್ಟ ಲೆಕ್ಕ ದಿನಕ್ಕೆ ಒಂದು ಲೀಟರ್. ಅದರಲ್ಲೇ ಚಹಾ, ಅದರಲ್ಲೇ ಮಾತ್ರೆ ನುಂಗುವ ನೀರು, ಅದರಲ್ಲೇ ಸಾರು. ಎಳನೀರು ಪೂರ್ತಿ ಬಂದ್. ಕುಚ್ಚಲಕ್ಕಿ ಗಂಜಿ ಉಂಡು ಬೆಳೆದ ಮನುಷ್ಯನಿಗೆ ತಿಳಿಯನ್ನೆಲ್ಲ ಬಸಿದು ಬರೀ ಅನ್ನ ಹಾಕಿಕೊಡುವುದು ಇದೆಯಲ್ಲ, ಅದನ್ನು ಮಾಡಿದವರಿಗೇ ಗೊತ್ತು. ಕುಡಿದ ನೀರು ಹೊರಗೆ ಹೋಗಲು ದಾರಿ ಇಲ್ಲ, ಮೈಯಲ್ಲೇ ನಿಲ್ಲುತ್ತದೆ. ಹಾಗಾಗಿ ಮಷಿನಿಗೆ ಹಾಕುವ ಮೊದಲು ಒಂದು ತೂಕ, ತೆಗೆದ ಮೇಲೆ ಒಂದು ತೂಕ. ನೀರೆಲ್ಲ ತೆಗೆದ ಮೇಲೆ ಇರಬೇಕಾದ ತೂಕಕ್ಕೆ ಡ್ರೈ ವೈಟ್ ಅನ್ನುತ್ತಾರೆ. ಅದಕ್ಕಿಂತ ಎಷ್ಟು ಏರಿದೆ ಅನ್ನುವುದೇ ನಮ್ಮ ಮನೆಯ ಎರಡು ವರ್ಷದ ಸುದ್ದಿ.

ಸಂಜೆ ಏಳೂವರೆಗೆ ನಮ್ಮಲ್ಲಿ ತೇರ್ಸ್, ಅಂದರೆ ಜಪಸರ. ಮೊದಲು ಮೂವರೂ ಹಂಚಿಕೊಂಡು ಹೇಳುತ್ತಿದ್ದೆವು. ಇವರು ಮಷಿನಿನಿಂದ ಬಂದ ದಿನ ಸುಸ್ತಾಗಿ ಮಲಗುತ್ತಾರೆ. ನಾನು ಆ ಹೊತ್ತಿಗೆ ಸರಿಯಾಗಿ ಮಿಕ್ಸಿ ಹಾಕಲು ಶುರು ಮಾಡಿದೆ. ಬೇಕಂತಲೇ. ಮಾಂಯ್ ಒಂದು ಮಾತು ಆಡಲಿಲ್ಲ. ‘ನಮಾನ್ ಮರಿಯೆ’ ಮಂತ್ರದಲ್ಲಿ ಅರ್ಧ ಒಬ್ಬರು ಹೇಳಬೇಕು, ಉಳಿದರ್ಧ ಬೇರೆಯವರು. ಅವರು ತಮ್ಮ ಅರ್ಧ ಹೇಳಿ, ಸ್ವಲ್ಪ ನಿಲ್ಲಿಸಿ, ಆಮೇಲೆ ನಮ್ಮ ಅರ್ಧವನ್ನೂ ತಾವೇ ಹೇಳುತ್ತಿದ್ದರು. ಮಿಕ್ಸಿ ನಿಂತಾಗೆಲ್ಲ ಆ ನಡುವಿನ ಮೌನ ನನಗೆ ಕೇಳುತ್ತಿತ್ತು.

ಸಮಾಧಾನ ಹೇಳಲು ಬಂದವರ ಬಗ್ಗೆ ಒಂದು ಮಾತು ಹೇಳಿಯೇ ಬಿಡುತ್ತೇನೆ. ‘ತಾಳಿಕೊಳ್ಳುವಷ್ಟೇ ಕಷ್ಟವನ್ನು ದೇವರು ಕೊಡ್ತಾರೆ, ಬೈಬಲಿನಲ್ಲೇ ಇದೆ’ ಅಂತ ಎಷ್ಟು ಜನ ಹೇಳಿದರೋ ಲೆಕ್ಕವಿಲ್ಲ. ಒಂದು ರಾತ್ರಿ ನಿದ್ದೆ ಬಾರದೆ ಹುಡುಕಿ ನೋಡಿದೆ. ಕೊರಿಂಥದವರಿಗೆ ಸಂತ ಪೌಲ ಬರೆದ ಮೊದಲ ಪತ್ರ, 10ನೇ ಅಧ್ಯಾಯ. ಅಲ್ಲಿ ಮುಂದೆ ಹಿಂದೆ ಪೂರ್ತಿ ಇರುವುದು ಪಾಪಕ್ಕೆ ಎಳೆಯುವ ಶೋಧನೆಯ ಮಾತು. ಕಿಡ್ನಿ ಫೇಲ್ ಆದವರಿಗೆ ಹೇಳಲು ಇಟ್ಟ ಮಾತಲ್ಲ. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರೇ ವಾಸಿ, ಮೊದಲ ಏಳು ದಿನ ಏಳು ರಾತ್ರಿ ಬಾಯಿ ಬಿಡದೆ ಅವನ ಜೊತೆ ನೆಲದ ಮೇಲೆ ಕೂತಿದ್ದರು. ಬಾಯಿ ಬಿಟ್ಟ ಮೇಲೆ ತಾನೇ ಎಲ್ಲ ಹಾಳಾದದ್ದು.

ಅದೇ ರಾತ್ರಿ 88ನೇ ಕೀರ್ತನೆಯೂ ಸಿಕ್ಕಿತು. ಗೋಳಿನ ಕೀರ್ತನೆಗಳು ಬೇರೆಯೂ ಇವೆ, ಹೆಚ್ಚಿನವು ಕೊನೆಗೆ ಹೇಗಾದರೂ ಮಾಡಿ ಸ್ತುತಿಗೆ ತಿರುಗುತ್ತವೆ. ಇದು ತಿರುಗುವುದಿಲ್ಲ. ಕತ್ತಲಲ್ಲೇ ಮುಗಿಯುತ್ತದೆ. ಇಂಥದ್ದನ್ನೂ ಪ್ರಾರ್ಥನೆ ಅಂತ ಬೈಬಲಿನಲ್ಲಿ ಉಳಿಸಿಕೊಂಡಿದ್ದಾರಲ್ಲ ಅಂತ ನನಗೆ ಮೊದಲ ಸಲ ಸ್ವಲ್ಪ ಉಸಿರು ಬಂದ ಹಾಗಾಯಿತು. ಹಾಗಂತ ಮರುದಿನ ಮಿಕ್ಸಿ ನಿಲ್ಲಿಸಿದೆ ಅಂದುಕೊಳ್ಳಬೇಡಿ.

ಸಾಂತ್‌ಮಾರಿ ಹತ್ತಿರ ಬಂತು. ಇವರ ಫಿಸ್ಟುಲಾ ಮಾಡಿದ (ಡಯಾಲಿಸಿಸ್ ಸೂಜಿ ಹಾಕಲು ರಕ್ತನಾಳ ಜೋಡಿಸಿದ) ಎಡಗೈ ಎಷ್ಟು ಉದ್ದವೋ ಅಷ್ಟು ಉದ್ದದ ಮೇಣದ ಬತ್ತಿ ಉರಿಸುತ್ತೇನೆ ಅಂತ ಮಾಂಯ್ ಹರಕೆ ಹೊತ್ತಿದ್ದರು. ನಾನು ಬರುವುದಿಲ್ಲ, ನನಗೆ ಪ್ರಾರ್ಥನೆ ಬರುತ್ತಿಲ್ಲ ಅಂದೆ. ಹೇಳಿ ಹೆದರಿದೆ. ಅವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ‘ಪ್ರಾರ್ಥನೆ ನಾನು ಮಾಡ್ತೇನೆ, ನೀನು ಬಾ. ಚೀಲ ಹಿಡಿಯಲಿಕ್ಕೆ ಒಬ್ಬರು ಬೇಕು.’

ಹಾಗೆ ಚೀಲ ಹಿಡಿಯಲು ಹೋದವಳು ನಾನು. ಮಷಿನ್ ಇಲ್ಲದ ದಿನ ನೋಡಿ ಬುಧವಾರ ಹೊರಟೆವು. ಪಕ್ಕದ ಮನೆಯ ಅಕ್ಕ ಗೇಟಿನ ಹತ್ತಿರ ಓಡಿ ಬಂದು ‘ಬಾಯಮ್ಮ, ನನ್ನದೂ ಒಂದು ಕ್ಯಾಂಡಲ್ ಹಚ್ಚಿ, ಪೊರ್ಬುಗಳ ಹೆಸರಲ್ಲಿ’ ಅಂತ ಐವತ್ತು ರೂಪಾಯಿ ಕೈಗೆ ತುರುಕಿದರು. ನಮ್ಮ ಕಡೆ ತುಳುವರು ನಮ್ಮ ಹೆಂಗಸರನ್ನು ಬಾಯಮ್ಮ, ಗಂಡಸರನ್ನು ಪೊರ್ಬುಗಳು ಅಂತಲೇ ಕರೆಯುವುದು. ರಿಕ್ಷಾದ ಬ್ಯಾರಿ (ನಮ್ಮ ಕರಾವಳಿಯ ಮುಸ್ಲಿಮರು) ಹಿಂದಿನ ಸೀಟಿಗೆ ತಲೆದಿಂಬು ತಂದಿದ್ದರು. ಮಂಗಳೂರಿಗೆ ಬಸ್ ಹಿಡಿಯಲು ಬಸ್‌ಸ್ಟ್ಯಾಂಡಿಗೆ ನಸುಕಿನಲ್ಲಿ ಬಿಡುವವರೂ ಇವರೇ. ಕಾರ್ಕಳದವರೆಗೆ ಹೋಗಿ ಬರುವುದಕ್ಕೆ ಅವರು ಹೇಳಿದ ಬಾಡಿಗೆ ಡೀಸೆಲಿಗೂ ಸಾಲದು. ಜಾಸ್ತಿ ಕೊಡಲು ಹೋದರೆ ಮುಖ ತಿರುಗಿಸಿದರು.

ಅತ್ತೂರಿನ ಕಥೆ ಕರಾವಳಿಯವರಿಗೆ ಹೇಳಬೇಕಾಗಿಲ್ಲ, ಬೇರೆ ಕಡೆಯವರಿಗಾಗಿ ಚುಟುಕಾಗಿ ಹೇಳುತ್ತೇನೆ. ಸಂತ ಲಾರೆನ್ಸರ ಈ ಇಗರ್ಜಿ 1759ರಲ್ಲಿ ಶುರುವಾದದ್ದು. 2016ರಲ್ಲಿ ಬಸಿಲಿಕಾ ಆಯಿತು, ಅಂದರೆ ಪೋಪರಿಂದ ವಿಶೇಷ ಗೌರವ ಪಡೆದ ಇಗರ್ಜಿ. ನಡುವೆ ಒಂದು ದೊಡ್ಡ ಕತ್ತಲೆ ಇದೆ. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು, ಇಗರ್ಜಿ ಉರುಳಿತು. 1799ರವರೆಗೆ, ಹದಿನೈದು ವರ್ಷ. ಗುರುಗಳನ್ನು ಮೊದಲೇ ರಾಜ್ಯದಿಂದ ಹೊರಗೆ ಹಾಕಿದ್ದರು. ಪೂಜೆ ಇಲ್ಲ, ಪಾಪನಿವೇದನೆ ಇಲ್ಲ. ದಾರಿಯಲ್ಲಿ, ಅಲ್ಲಿ, ಎಷ್ಟೋ ಜನ ಸತ್ತರು. ಉಳಿದವರು ನಡೆದು ವಾಪಸ್ ಬಂದರು. ಚಿಕ್ಕವಳಿದ್ದಾಗ ಇದನ್ನು ಕೇಳಿದರೆ ನನಗೆ ಕತ್ತಿ, ಕುದುರೆ, ವೀರರು ಕಾಣುತ್ತಿದ್ದರು. ಈಗ ಕಾಣುವುದು ಬೇರೆ. ಯಾವುದೋ ಮೂಲೆಯಲ್ಲಿ ಒಬ್ಬ ಮುದುಕಿ ಕೂತು, ತನ್ನ ಅರ್ಧ ಹೇಳಿ, ಸ್ವಲ್ಪ ನಿಲ್ಲಿಸಿ, ಉಳಿದವರ ಅರ್ಧವನ್ನೂ ಹೇಳುತ್ತಿರಬೇಕು. ಅವಳ ಸೊಸೆಯೂ ನನ್ನ ಹಾಗೆ ಮುಖ ಊದಿಸಿಕೊಂಡಿದ್ದಳೋ ಏನೋ.

ಮರಳಿ ಬಂದವರು ಸೋಗೆಯದ್ದೋ ಹುಲ್ಲಿನದ್ದೋ ಒಂದು ಇಗರ್ಜಿ ಕಟ್ಟಿಕೊಂಡರು. ಆಮೇಲಿನ ತಲೆಮಾರಿನವರು ಒಳ್ಳೆಯ ಜಾಗ ಹುಡುಕುತ್ತಾ ಸಂತ ಲಾರೆನ್ಸರ ಸಣ್ಣ ಮರದ ಪ್ರತಿಮೆಯನ್ನು ಹೊತ್ತು ಹೊರಟರಂತೆ. ಪರ್ಪಲೆ ಗುಡ್ಡೆಯ ಬುಡದಲ್ಲಿ ಒಂದು ಒರತೆ ಕಂಡಿತು. ಬಾಯಾರಿತ್ತು, ಪ್ರತಿಮೆಯನ್ನು ಕೆಳಗಿಟ್ಟು ನೀರು ಕುಡಿದರು. ಎತ್ತಲು ಹೋದರೆ ಅದು ಮೇಲೆ ಬರಲಿಲ್ಲ. ಎಷ್ಟು ಜನ ಸೇರಿದರೂ ಇಲ್ಲ. ಇಲ್ಲೇ ಇಗರ್ಜಿ ಕಟ್ಟುತ್ತೇವೆ ಅಂತ ಮಾತು ಕೊಟ್ಟ ಮೇಲೆ ಹಗುರಾಯಿತು. ಆ ಒರತೆಯೇ ಈಗಿನ ಪುಷ್ಕರಿಣಿ ಅನ್ನುತ್ತಾರೆ.

ಈ ಕಥೆಯನ್ನು ನೂರು ಸಲ ಕೇಳಿದ್ದೇನೆ. ಪವಾಡ ಅಂತ ಮಾತ್ರ ಕೇಳಿಸಿಕೊಂಡಿದ್ದೆ. ಎರಡು ವರ್ಷ ತೂಕದ ಮಷಿನ್ ನೋಡಿದ ಮೇಲೆ, ಕೈಯಲ್ಲಿ ಹಗುರಾಗಿ ಹಿಡಿದುಕೊಂಡು ಬಂದದ್ದು ಒಂದು ದಿನ ಇದ್ದಕ್ಕಿದ್ದ ಹಾಗೆ ಎತ್ತಲಾರದಷ್ಟು ಭಾರವಾಗುವುದು ಅಂದರೆ ಏನು ಅಂತ ಗೊತ್ತಾಯಿತು. ಮುಂದೆ ಹೋಗಲೂ ಆಗದೆ ಬಿಟ್ಟು ಹೋಗಲೂ ಆಗದೆ ಅವರು ಅಲ್ಲೇ ನಿಂತರು, ಅಷ್ಟೇ.

ಸರಿ, ಸಂತ ಲಾರೆನ್ಸರ ಬಗ್ಗೆ. ರೋಮಿನಲ್ಲಿ ಸೇವಾದರ್ಶಿ (ಡೀಕನ್) ಆಗಿದ್ದವರು. ಕ್ರೈಸ್ತ ಸಭೆಯ ದುಡ್ಡು, ಬಡವರ ಅನ್ನ ಇವರ ಕೈಯಲ್ಲಿ. 258ರಲ್ಲಿ ವಲೇರಿಯನ್ ಚಕ್ರವರ್ತಿಯ ಕಾಲದ ಹಿಂಸೆ. ಆಗಸ್ಟ್ 6ಕ್ಕೆ ಎರಡನೇ ಸಿಕ್ಸ್ತಸ್ ಪೋಪರನ್ನು ಕೊಂದರು, ನಾಲ್ಕು ದಿನಕ್ಕೆ ಲಾರೆನ್ಸರನ್ನು. ಸಭೆಯ ಆಸ್ತಿಯನ್ನೆಲ್ಲ ತಂದು ಒಪ್ಪಿಸು ಅಂತ ಅಧಿಕಾರಿ ಕೇಳಿದಾಗ ಮೂರು ದಿನ ಟೈಮ್ ಕೇಳಿ, ಇದ್ದದ್ದನ್ನೆಲ್ಲ ಹಂಚಿ, ಊರಿನ ಕುರುಡರು, ಕುಂಟರು, ವಿಧವೆಯರು, ಭಿಕ್ಷುಕರನ್ನೆಲ್ಲ ಕರೆತಂದು ನಿಲ್ಲಿಸಿದರಂತೆ, ಇವರೇ ನಮ್ಮ ಆಸ್ತಿ ಅಂತ. ಅದಕ್ಕೇ ಕಬ್ಬಿಣದ ಸರಳುಗಳ ಮೇಲೆ ಸುಟ್ಟರು ಅಂತ ಪರಂಪರೆ, ಪ್ರತಿಮೆಯ ಕೈಯಲ್ಲಿ ಇರುವುದು ಆ ಸರಳುಗಳ ಚೌಕಟ್ಟೇ. ತಲೆ ಕಡಿದಿರಬೇಕು ಅಂತ ಹೇಳುವ ಇತಿಹಾಸಕಾರರೂ ಇದ್ದಾರೆ. ಇರಲಿ. ನನಗೆ ಆ ಆಸ್ತಿಯ ಮಾತೇ ಸಾಕು.

ಅಂದು ಅಸ್ವಸ್ಥರಿಗಾಗಿ ಪ್ರಾರ್ಥನೆ ಇದ್ದ ಪೂಜೆಗೆ ಕೂತೆವು. ಮುಂದಿನ ಸಾಲುಗಳಲ್ಲಿ ಗಾಲಿಕುರ್ಚಿಗಳು, ಕೂದಲು ಉದುರಿ ಸ್ಕಾರ್ಫ್ ಕಟ್ಟಿದವರು, ತಾಯಿಯ ತೊಡೆ ಮೇಲೆ ಕತ್ತು ನಿಲ್ಲದ ಮಗು, ಮಲ್ಲಿಗೆ ಮುಡಿದು ಕುಂಕುಮ ಇಟ್ಟ ಹೆಂಗಸರು. ನಮ್ಮ ಧರ್ಮದವರು ಯಾರು ಅಲ್ಲದವರು ಯಾರು ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಗುರುಗಳು ಈ ಆಸ್ತಿಯ ಕಥೆ ಹೇಳುತ್ತಿದ್ದರು. ಇವರು ನನ್ನ ಕಿವಿಯ ಹತ್ತಿರ ಬಾಗಿ, ‘ಮಾರಾಯ್ತಿ, ನಾವು ಆಸ್ತಿ ಅಂತಾದ್ರೆ ನನ್ನನ್ನು ಅಡವಿಟ್ಟು ನಿನ್ನ ಬಳೆ ಬಿಡಿಸ್ಲಿಕ್ಕೆ ಆಗ್ತದಾ ಕೇಳು’ ಅಂದರು. ಪೂಜೆಯ ನಡುವೆ ನಗು ಬಂದು ಮುಖ ಮುಚ್ಚಿಕೊಂಡೆ. ಮಾಂಯ್ ತಿವಿದರು. ಆಮೇಲೆ ನೋಡಿದರೆ ನಾನು ಅಳುತ್ತಿದ್ದೆ.

ಶುಭಸಂದೇಶದಲ್ಲಿ ಓದಿದ್ದು ಛಾವಣಿ ಒಡೆದ ಕಥೆ. ಲಕ್ವ ಹೊಡೆದವನನ್ನು ಮಂಚ ಸಮೇತ ಹೊತ್ತು ತರುತ್ತಾರೆ, ಜನಜಂಗುಳಿಯಲ್ಲಿ ಒಳಗೆ ಹೋಗಲಾಗದೆ ಮೇಲೆ ಹತ್ತಿ ಯೇಸುವಿನ ಎದುರಿಗೆ ಇಳಿಸುತ್ತಾರೆ. ಹೊತ್ತವರು ನಾಲ್ವರು ಅಂತ ಮಾರ್ಕ ಹೇಳುತ್ತಾನೆ, ಹೆಂಚು ತೆಗೆದರು ಅಂತ ಲೂಕ. (ನಾವು ಮಂಗಳೂರು ಹೆಂಚಿನವರು, ನಮಗೆ ಲೂಕನೇ ಹತ್ತಿರ. ಆ ಮನೆಯ ಯಜಮಾನನ ಪಾಡು ನೆನೆದರೆ ಈಗಲೂ ಅಯ್ಯೋ ಅನ್ನಿಸುತ್ತದೆ.) ನಾನು ಇಷ್ಟು ವರ್ಷ ಗಮನಿಸದ ಮಾತು ಅಲ್ಲೇ ಇತ್ತು. ಯೇಸು ‘ಅವರ ನಂಬಿಕೆಯನ್ನು ಕಂಡು’ ಅಂತ ಇದೆ. ಅವರ ನಂಬಿಕೆ. ಮಲಗಿದವನ ನಂಬಿಕೆ ಎಷ್ಟಿತ್ತು ಅಂತ ಯಾರೂ ಅಳೆಯಲು ಹೋಗಿಲ್ಲ. ಅವನು ಹೊತ್ತವರ ಮೇಲೆ ಸಿಟ್ಟಾಗಿದ್ದನೋ, ಬೇಡ ಬಿಡಿ ಮನೆಗೆ ಹೋಗೋಣ ಅಂತ ಗೊಣಗುತ್ತಿದ್ದನೋ, ಒಂದು ಅಕ್ಷರ ಇಲ್ಲ.

ನನ್ನ ಕೈಯಲ್ಲಿ ಇನ್ನೂ ಚೀಲ ಇತ್ತು. ಒಳಗೆ ತಲೆದಿಂಬು, ಪಕ್ಕದ ಮನೆಯ ಅಕ್ಕನ ಐವತ್ತು ರೂಪಾಯಿಯ ಮೇಣದ ಬತ್ತಿ, ಮಾಂಯ್ ಅವರ ಜಪಸರದ ಡಬ್ಬಿ.

ಬತ್ತಿ ಹಚ್ಚಿದೆವು. ಇವರ ಕೈಯುದ್ದದ್ದು ಮಾಂಯ್ ಹಚ್ಚಿದರು, ಅಕ್ಕನದ್ದು ನಾನು. ನನ್ನದು ಅಂತ ಪ್ರಾರ್ಥನೆ ಏನೂ ಬರಲಿಲ್ಲ, ಇದು ಅವರದ್ದು ಅಂತ ಮಾತ್ರ ಹೇಳಿದೆ. ಮೇಣ ಕರಗಿ ಬೆರಳಿಗೆ ಬಿತ್ತು.

ಆಮೇಲೆ ಪುಷ್ಕರಿಣಿಗೆ. ಇವರು ಒಂದು ಬಾಟಲಿಯಲ್ಲಿ ತೀರ್ಥ ತುಂಬಿಸಿ, ಮುಚ್ಚಳಕ್ಕೆ ಸ್ವಲ್ಪ ಬಗ್ಗಿಸಿಕೊಂಡರು. ಕುದಿಸದೆ ಕುಡಿಯಬಹುದಾ ಅಂತ ನಾನು ಕೇಳಿದ್ದಕ್ಕೆ ಮಾಂಯ್ ನೋಡಿದ ನೋಟ ಇದೆಯಲ್ಲ! ಇವರು ಇಬ್ಬರ ಜಗಳ ಬಿಡಿಸುವವರ ಹಾಗೆ ನಾಲಿಗೆಗೆ ತಾಗಿಸಿಕೊಂಡು, ಉಳಿದದ್ದನ್ನು ಫಿಸ್ಟುಲಾದ ಕೈಗೆ ಸವರಿಕೊಂಡರು. ಬಾಯಾರಿಕೆಯಲ್ಲಿ ಎರಡು ವರ್ಷ ಕಳೆದ ಮನುಷ್ಯ ನೀರಿನ ಎದುರಿಗೆ ಕೂತು ಅಷ್ಟೇ ಸಾಕು ಅಂದದ್ದನ್ನು ನಾನು ನೋಡಿದೆ. ಶಿಲುಬೆಯ ಮೇಲೆ ಕೊನೆಗೆ ‘ನನಗೆ ನೀರಡಿಕೆಯಾಗಿದೆ’ ಅಂದವರ ನೆನಪಾಯಿತು. ಆ ಮಾತಿಗೆ ಗುಡ್‌ಫ್ರೈಡೇ ದಿನ ಎಷ್ಟೆಷ್ಟು ಅರ್ಥ ಹೇಳುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ ಇರುವುದು ಒಂದೇ ಅರ್ಥ.

ವಾಪಸ್ ಬರುವಾಗ ಸಂತೆಯಲ್ಲಿ ಖರ್ಜೂರ ಬೇಡ, ಕಬ್ಬಿನ ಹಾಲು ಬೇಡ, ಎಲ್ಲ ಬೇಡ ಬೇಡ ಅನ್ನುತ್ತಾ ನಾನು ಮುಂದೆ ಹೋಗಿ ತಿರುಗಿ ನೋಡಿದರೆ, ರಿಕ್ಷಾದ ಬ್ಯಾರಿಯೂ ಇವರೂ ಐಸ್ ಕ್ಯಾಂಡಿ ಅಂಗಡಿಯ ಹತ್ತಿರ ಶಾಲೆಯ ಹುಡುಗರ ಹಾಗೆ ನಿಂತಿದ್ದರು. ಒಂದನ್ನು ಇಬ್ಬರೂ ಅರ್ಧರ್ಧ.

ಗುರುವಾರ ಬೆಳಿಗ್ಗೆ ತೂಕ ಎರಡು ಕೆ.ಜಿ. ಏರಿತ್ತು. ನಮ್ಮ ಟೆಕ್ನಿಷಿಯನ್ ಹುಡುಗ ಬಯಲುಸೀಮೆಯವನು, ಬೈಯುವುದರಲ್ಲಿ ಡಾಕ್ಟರಿಗಿಂತ ಮುಂದೆ. ‘ಏನ್ ಸರ್ ಇದು, ಎಲ್ಲಿ ಕುಡಿದು ಬಂದ್ರಿ?’ ಅಂದ. ಅತ್ತೂರಿಗೆ ಹೋಗಿದ್ದೆವು ಅಂದರು ಇವರು. ಅವನು ಬೈಯುವುದನ್ನು ನಿಲ್ಲಿಸಿದ. ಸೂಜಿ ಹಾಕಿದ, ಪ್ಲಾಸ್ಟರ್ ಹಚ್ಚಿದ, ಮಷಿನಿನ ನಂಬರ್ ಒತ್ತಿದ. ಆಮೇಲೆ ನನ್ನ ಕಡೆ ತಿರುಗಿ, ‘ಮೇಡಂ, ಅಲ್ಲಿ ನೀರು ಕೊಡ್ತಾರಂತಲ್ಲ, ಅಮ್ಮನಿಗೆ ಹುಷಾರಿಲ್ಲ, ಸ್ವಲ್ಪ ಉಳಿದಿದೆಯಾ?’ ಅಂತ ಕೇಳಿದ.

ಬಾಟಲಿ ಚೀಲದಲ್ಲೇ ಇತ್ತು. ಕುದಿಸಿ ಕೊಡಿ ಅಂತ ಹೇಳಲು ಬಾಯಿಗೆ ಬಂದದ್ದನ್ನು ತಡೆದುಕೊಂಡೆ. ಬಾಟಲಿಯನ್ನೇ ಕೊಟ್ಟು, ಅಮ್ಮನ ಹೆಸರೇನು ಅಂತ ಕೇಳಿದೆ. ಆ ಸಂಜೆ ಏಳೂವರೆಗೆ ಮಾಂಯ್ ತಮ್ಮ ಅರ್ಧ ಹೇಳಿ ನಿಲ್ಲಿಸಿದಾಗ, ಅಡುಗೆಮನೆಯಿಂದಲೇ ಉಳಿದರ್ಧವನ್ನು ನಾನು ಹೇಳಿದೆ, ಆ ಹೆಸರಿಗಾಗಿ. ಅರೆಯಬೇಕಾದ ತೆಂಗಿನಕಾಯಿ ಹಾಗೇ ಇತ್ತು.