ಮಳೆಗಾಲದ ಜೇನುಪೆಟ್ಟಿಗೆ

ಮಲೆನಾಡಲ್ಲಿ ಜಡಿಮಳೆ ಹಿಡಿದರೆ ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನುನೊಣಕ್ಕೆ ಹೊರಗೆ ಮೇವಿಲ್ಲ. ತುಪ್ಪ ತುಂಬುವ ಮೇಲಿನ ಜೇನುಕೋಣೆ ಇಳಿಸಿ, ಮೊಟ್ಟೆ-ಮರಿ ಇರುವ ಕೆಳಗಿನ ಸಂಸಾರಕೋಣೆ ಮಾತ್ರ ಉಳಿಸಿ. ನೊಣ ಕೂತು ಮುಚ್ಚದ ಮೇಣದ ಎರಿಯನ್ನೂ ತೆಗೆಯಿರಿ, ಮೇಣದ ಹುಳು ಸೇರುವುದು ಅಲ್ಲೇ. ವಾರಕ್ಕೊಮ್ಮೆ ಅಡಿಮಣೆ ಕೆರೆದು ಒರೆಸಿ.

ಮೇವಿನ ಬದಲು ಸಕ್ಕರೆ ಪಾಕ ಕೊಡಿ: ಒಂದು ಲೋಟ ಸಕ್ಕರೆಗೆ ಒಂದು ಲೋಟ ಬಿಸಿನೀರು. ಕರಗಿಸಿ, ಆರಿಸಿ, ನೊಣ ಮುಳುಗದಂತೆ ಮೇಲೆ ನಾಲ್ಕು ಕಡ್ಡಿ. ಬೆಲ್ಲ ಬೇಡ, ಭೇದಿಯಾಗುತ್ತದೆ. ಕತ್ತಲಾದ ಮೇಲೆ ಎಲ್ಲ ಪೆಟ್ಟಿಗೆಗೂ ಒಂದೇ ದಿನ ಕೊಡಿ. ಹಗಲಲ್ಲಿ ಪಾಕ ಚೆಲ್ಲಿದರೆ ಬಲವಾದ ಕುಟುಂಬ ಬಡಕಲು ಕುಟುಂಬವನ್ನು ದೋಚುತ್ತದೆ. (ಇರುವೆ ಹತ್ತದಂತೆ ಸ್ಟ್ಯಾಂಡಿನ ಬುಡದಲ್ಲಿ ನೀರಿನ ಬಟ್ಟಲು ಇದ್ದೇ ಇರಲಿ.)

ಬೇಸಿಗೆಯಲ್ಲಿ ಸಂಸಾರಕೋಣೆಯ ಜೇನುತುಪ್ಪ ಮುಟ್ಟದೆ ಬಿಟ್ಟವರಿಗೆ ಈ ಸಕ್ಕರೆ ಖರ್ಚು ಕಡಿಮೆ. ಅವುಗಳದ್ದನ್ನು ಅವಕ್ಕೇ ಬಿಡುವುದು ನಮಗ್ಯಾಕೋ ಕಷ್ಟ.

ಮಳೆ ಕಳೆದು ನೊಣಗಳ ಕಾಲಲ್ಲಿ ಪರಾಗ, ಎರಿಯಲ್ಲಿ ಹೊಸ ಮಕರಂದ ಕಂಡರೆ ಪಾಕ ನಿಲ್ಲಿಸಿ. ಆಮೇಲೆಯೇ ಜೇನುಕೋಣೆ ಏರಿಸಿ, ಇಲ್ಲದಿದ್ದರೆ ತುಪ್ಪಕ್ಕೆ ಸಕ್ಕರೆ ಸೇರುತ್ತದೆ.