ಡಿಸ್ಕ್ ಎಷ್ಟು ಅಗಲಕ್ಕೆ ಬೀಳ್ತದೆ

ಮೊನ್ನೆ ಆದಿತ್ಯವಾರ ಸಂಜೆ ಮನೆ ಹಿಂದಿನ ಪದವಿನಲ್ಲಿ ನಾನು ಮತ್ತೆ ಅಕ್ಕನ ಮಗ ಡಿಸ್ಕ್ ಬಿಸಾಡ್ತಾ ಇದ್ದೆವು. ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮ ಊರು, ತೋಟ ಕೆಳಗೆ, ಮೇಲೆ ಹತ್ತಿದ್ರೆ ಪೂರಾ ಮುರಕಲ್ಲಿನ ಬಯಲು, ಗೇರುಮರ ಅಲ್ಲೊಂದು ಇಲ್ಲೊಂದು. ಅವ ಡಿಸ್ಕ್ ಹೆಕ್ಕಿಕೊಂಡು ಬರ್ತಾ ಕೇಳಿದ, "ಮಾವ, ಒಳ್ಳೆ ಪ್ಲೇಯರ್ ಅಂತ ಹೇಳ್ಬೇಕಾದ್ರೆ ಎಷ್ಟು ದೂರ ಬಿಸಾಡ್ಬೇಕು?" ನಾನು ತಕ್ಷಣ "ನೂರು ಮೀಟರ್" ಅಂದುಬಿಟ್ಟೆ. ರಾತ್ರಿ ಮಲಗಿದ ಮೇಲೆ ಅನಿಸಿತು, ಅರ್ಧ ಉತ್ತರ ಮಾತ್ರ ಕೊಟ್ಟೆ ಅಂತ. ಉಳಿದ ಅರ್ಧ ಇಲ್ಲಿ ಬರೀತಾ ಇದ್ದೇನೆ.

ಡಿಸ್ಕ್ ಗಾಲ್ಫ್ ಗೊತ್ತಿಲ್ಲದವರಿಗೆ ಎರಡು ಮಾತು. ಗಾಲ್ಫಿನ ಹಾಗೇ ಆಟ, ಆದ್ರೆ ಕೋಲು ಚೆಂಡು ಇಲ್ಲ, ಸಣ್ಣ ಗಟ್ಟಿ ಡಿಸ್ಕನ್ನು ಬಿಸಾಡಿ ಸರಪಳಿ ನೇತುಹಾಕಿದ ಬುಟ್ಟಿಗೆ ಹಾಕ್ಬೇಕು (ಒಂದೊಂದು ಬುಟ್ಟಿಯ ಆಟಕ್ಕೆ ಇಲ್ಲಿಯೂ ಹೋಲ್ ಅಂತಲೇ ಹೆಸರು), ಕಡಿಮೆ ಎಸೆತದಲ್ಲಿ ಮುಗಿಸಿದವ ಗೆದ್ದ. ಆ ಬುಟ್ಟಿ ಮಾಡಿದವರು ಅಮೆರಿಕದ ಎಡ್ ಹೆಡ್ರಿಕ್, ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ 1975ರಲ್ಲಿ ಮೊದಲನೇ ಶಾಶ್ವತ ಕೋರ್ಸ್ ಆದದ್ದೂ ಅವರಿಂದಲೇ. ನಾನು ಕಲಿತದ್ದು ಫಿನ್ಲೆಂಡಿನ ತಾಂಪೆರೆಯಲ್ಲಿ, ಕೆಲಸಕ್ಕೆ ಅಂತ ಹೋಗಿ ಮೂರು ವರ್ಷ ಇದ್ದಾಗ. ಅಲ್ಲಿ ನಮ್ಮಲ್ಲಿ ವಾಲಿಬಾಲ್ ಕೋರ್ಟ್ ಇದ್ದ ಹಾಗೆ ಊರೂರಿಗೂ ಡಿಸ್ಕ್ ಗಾಲ್ಫ್ ಕೋರ್ಸ್ ಉಂಟು, ಆಫೀಸ್ ಬಿಟ್ಟ ಮೇಲೆ ಬೇಸಿಗೆಯಲ್ಲಿ ರಾತ್ರಿ ಹತ್ತು ಗಂಟೆಗೂ ಬೆಳಕಿರ್ತದೆ, ಅಜ್ಜಂದಿರಿಂದ ಹಿಡಿದು ಶಾಲೆ ಮಕ್ಕಳವರೆಗೆ ಎಲ್ರೂ ಬ್ಯಾಗ್ ಹೆಗಲಿಗೆ ಹಾಕಿ ಬರ್ತಾರೆ. ವಾಪಸ್ ಬರುವಾಗ ಹದಿನಾಲ್ಕು ಡಿಸ್ಕ್ ಸೂಟ್‌ಕೇಸಿನಲ್ಲಿ ತಂದೆ.

ಈಗ ದೂರದ ವಿಷಯ. ದಾಖಲೆ ಕೇಳಿದ್ರೆ ತಲೆ ತಿರುಗ್ತದೆ, 2016ರಲ್ಲಿ ಡೇವಿಡ್ ವಿಗಿನ್ಸ್ ಜೂನಿಯರ್ ನೆವಾಡದ ಮರುಭೂಮಿಯಲ್ಲಿ 338 ಮೀಟರ್ ಬಿಸಾಡಿದ್ದಾನೆ. ಆದ್ರೆ ಅದು ಬೆನ್ನಿಗೆ ಜೋರು ಗಾಳಿ ಇಟ್ಟುಕೊಂಡು, ಎದುರಿಗೆ ಖಾಲಿ ಬಯಲಿದ್ದಾಗ, ಎಲ್ಲಿ ಬಿದ್ರೂ ಆಗ್ತದೆ ಅಂತ ಬಿಸಾಡಿದ್ದು. ಕೋರ್ಸಿನ ಲೆಕ್ಕ ಬೇರೆ. ಅಲ್ಲಿ ಎಲ್ರೂ ಸಾಧಾರಣವಾಗಿ ಹೇಳುವ ಅಂದಾಜು ಏನಂದ್ರೆ, ಒಳ್ಳೆ ಹವ್ಯಾಸಿ ಆಟಗಾರ ಸಮತಟ್ಟು ಜಾಗದಲ್ಲಿ 100ರಿಂದ 110 ಮೀಟರ್, ಪ್ರೊ ಪುರುಷರು 120ರಿಂದ 140, ತೀರಾ ದೊಡ್ಡ ಕೈಯವರು 150 ದಾಟಿಸ್ತಾರೆ. ವೇಗದಲ್ಲಿ ಹೇಳುದಾದ್ರೆ ಗಂಟೆಗೆ 95 ಕಿಲೋಮೀಟರ್ ಆಸುಪಾಸಿನಲ್ಲಿ ಕೈ ಬಿಟ್ಟ ಡಿಸ್ಕ್ ಸರಿಯಾಗಿ ಹಾರಿದ್ರೆ 120 ಮೀಟರ್ ಹತ್ತಿರ ಹೋಗ್ತದೆ. ಸರಿಯಾಗಿ ಹಾರಿದ್ರೆ ಅಂತ ಹೇಳಿದ್ದು ಸುಮ್ಮನೆ ಅಲ್ಲ, ಡಿಸ್ಕಿನ ಮುಂದಿನ ಅಂಚು ಸ್ವಲ್ಪ ಮೇಲೆ ನೋಡಿದ್ರೂ ಸಾಕು, ಗಾಳಿ ಅಡಿಯಿಂದ ತಡೆದು ಡಿಸ್ಕ್ ಮೇಲೆದ್ದು ನಿಂತುಬಿಡ್ತದೆ, ಎಷ್ಟು ಬಲ ಹಾಕಿದ್ರೂ ಎಂತ ಪ್ರಯೋಜನ ಇಲ್ಲ.

ಆದ್ರೆ ಈ ದೂರ ಎಲ್ಲ ಯಾವ ಎಸೆತದ್ದು? ಹತ್ತು ಬಿಸಾಡಿ ಅದ್ರಲ್ಲಿ ಒಂದು 115 ಹೋಯ್ತು ಅಂದ್ರೆ ಜನ "ನಾನು 115 ಬಿಸಾಡ್ತೇನೆ" ಅಂತಾರೆ, ತಾಂಪೆರೆಯಲ್ಲಿ ನಾನೂ ಮೊದಲು ಹಾಗೇ ಹೇಳಿಕೊಂಡು ತಿರುಗಿದ್ದೆ. ಅಲ್ಲಿನ ಕೋರ್ಸ್‌ಗಳು ಹೆಚ್ಚಿನವು ಕಾಡಿನೊಳಗೆ, ಎರಡೂ ಬದಿ ಪೈನ್ ಮತ್ತೆ ಬರ್ಚ್ ಮರ. ಮೊದಲ ಟೂರ್ನಮೆಂಟಿನಲ್ಲಿ ನನ್ನ ಜೊತೆ ಆಡಿದ ಐವತ್ತು ದಾಟಿದ ಒಬ್ರು ಒಂದೇ ಒಂದು ಸಲವೂ 80 ಮೀಟರ್ ದಾಟಿಸಲಿಲ್ಲ, ನಾನು ಪ್ರತಿ ಹೋಲಿನಲ್ಲಿಯೂ ಅವರಿಗಿಂತ ಇಪ್ಪತ್ತು ಮೀಟರ್ ಮುಂದೆ, ಆದ್ರೆ ಮರದ ಬುಡದಲ್ಲಿ. ಹದಿನೆಂಟು ಹೋಲ್ ಮುಗಿಯುವಾಗ ಅವರದ್ದು ನನಗಿಂತ ಒಂಬತ್ತು ಎಸೆತ ಕಡಿಮೆ. ಆ ದಿನ ಮನೆಗೆ ಹೋಗಿ ಪೇಪರ್ ತಗೊಂಡು ಲೆಕ್ಕ ಹಾಕಲಿಕ್ಕೆ ಕೂತೆ.

ಆ ಲೆಕ್ಕವನ್ನು ನಮ್ಮ ತೋಟದಲ್ಲಿಟ್ಟು ಹೇಳ್ತೇನೆ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರು ಅಡಕೆಗೆ ಹೇಳುವ ಅಂತರ 2.7 ಮೀಟರ್, ಅಂದ್ರೆ ಒಂಬತ್ತು ಅಡಿ, ನಮ್ಮ ತೋಟದಲ್ಲಿಯೂ ಸಾಧಾರಣ ಅಷ್ಟೇ. ಡಿಸ್ಕಿನ ಅಗಲ 21 ಸೆಂಟಿಮೀಟರ್. ನೀವು ಇಪ್ಪತ್ತು ಮೀಟರ್ ಹಿಂದೆ ನಿಂತು ಎರಡು ಅಡಕೆ ಮರದ ನಡುವೆ ಸರೀ ಮಧ್ಯಕ್ಕೆ ಗುರಿಯಿಟ್ಟು ಬಿಸಾಡಿದ್ರೆ, ಆಚೆ ಈಚೆ ಮೂರು ಡಿಗ್ರಿ ತಪ್ಪಿದ್ರೂ ಮರಕ್ಕೆ ತಾಗದೆ ಹೋಗ್ತದೆ. ನಲ್ವತ್ತು ಮೀಟರ್ ಹಿಂದೆ ಹೋಗಿ, ಎರಡು ಡಿಗ್ರಿಯೂ ಇಲ್ಲ. ಬಯಲಿನಲ್ಲಿಯೂ ಹಾಗೆಯೇ, ನೂರು ಮೀಟರಿಗೆ ಒಂದು ಡಿಗ್ರಿ ತಪ್ಪಿದ್ರೆ ಒಂದೂಮುಕ್ಕಾಲು ಮೀಟರ್ ಪಕ್ಕಕ್ಕೆ, ಐದು ಡಿಗ್ರಿ ತಪ್ಪಿದ್ರೆ ಒಂಬತ್ತು ಮೀಟರ್ ಹತ್ತಿರ. 120 ಮೀಟರಿಗೆ ಅದೇ ಐದು ಡಿಗ್ರಿ ಹತ್ತೂವರೆ ಮೀಟರ್ ಆಗ್ತದೆ. ಈ ಹತ್ತು ಮೀಟರ್ ಯಾಕೆ ಮುಖ್ಯ ಅಂದ್ರೆ ಬುಟ್ಟಿಯಿಂದ ಎಲ್ಲಾ ಕಡೆಗೂ ಹತ್ತು ಮೀಟರಿನ ವೃತ್ತದ ಒಳಗೆ ಬಿದ್ರೆ ಅಲ್ಲಿಂದ ಬಿಸಾಡುದು ಪಟ್ಟಿಂಗಿನ ಲೆಕ್ಕ, ಅಂದ್ರೆ ಬುಟ್ಟಿಗೆ ಹಾಕುವ ಸಣ್ಣ ಎಸೆತ, ಒಳ್ಳೆ ಆಟಗಾರರು ಅಲ್ಲಿಂದ ಹೆಚ್ಚಾಗಿ ಹಾಕಿಬಿಡ್ತಾರೆ.

ಮತ್ತೆ ಕೈ ಎಷ್ಟು ಬೇಗ ತಿರುಗ್ತದೆ ನೋಡಿ. ಗಂಟೆಗೆ 95 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ 26 ಮೀಟರ್ ಚಿಲ್ಲರೆ, ತೋಳಿನ ಉದ್ದ ಎಪ್ಪತ್ತು ಸೆಂಟಿಮೀಟರ್ ಅಂತ ಹಿಡಿದ್ರೆ, ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿನಷ್ಟು ಹೊತ್ತಿನಲ್ಲಿ ಕೈ ಎರಡು ಡಿಗ್ರಿ ತಿರುಗಿ ಆಗಿರ್ತದೆ. ಇದು ನನ್ನ ಒರಟು ಲೆಕ್ಕ, ಆದ್ರೂ ಅಷ್ಟು ಬೇಗ ತಿರುಗುವ ಕೈಯಿಂದ ನೂರು ಮೀಟರಿನಲ್ಲಿ ಆ ವೃತ್ತದ ಇಪ್ಪತ್ತು ಮೀಟರ್ ಅಗಲದೊಳಗೆ ಬೀಳಿಸುದು ಅಂದ್ರೆ ಎಂಥಾ ಕೆಲಸ ಅಂತ ಗೊತ್ತಾಗ್ತದಲ್ಲ. ಅದನ್ನು ಹತ್ತರಲ್ಲಿ ಆರೇಳು ಸಲ ಮಾಡುವವರನ್ನು ಕಂಡ್ರೆ ನನಗೆ ನಿಜವಾಗಿ ಕೈ ಮುಗಿಯುವ ಅಂತ ಆಗ್ತದೆ.

ಡಿಸ್ಕ್ ಚೆಂಡಿನ ಹಾಗೆ ನೇರ ಹೋಗುದೂ ಇಲ್ಲ. ಬಲಗೈಯವ ಬ್ಯಾಕ್‌ಹ್ಯಾಂಡ್, ಅಂದ್ರೆ ಕೈಯನ್ನು ಎದೆಗೆ ಅಡ್ಡ ತಂದು ಬಿಸಾಡಿದ್ರೆ ವೇಗ ಇರುವಷ್ಟು ಹೊತ್ತು ನೇರ, ಇಲ್ಲವೇ ಸ್ವಲ್ಪ ಬಲಕ್ಕೆ, ವೇಗ ಇಳಿದ ಮೇಲೆ ಎಡಕ್ಕೆ ವಾಲಿ ಬೀಳ್ತದೆ, ಅದಕ್ಕೆ ಫೇಡ್ ಅಂತಾರೆ. ಹಾಗಾಗಿ ದಿಕ್ಕು ಸರಿ ಇದ್ದು ಬಲ ಕಡಿಮೆ ಆದ್ರೂ ಗುರಿ ತಪ್ಪಿತು, ಯಾಕಂದ್ರೆ ಬೇಗ ಎಡಕ್ಕೆ ತಿರುಗ್ತದೆ. ನಮ್ಮ ಹುಡುಗನ ತೊಂದರೆ ಇದೇ ಆಗಿತ್ತು. ನನ್ನ ಬ್ಯಾಗಿನಲ್ಲಿ ಸ್ಪೀಡ್ 12ರ ದೊಡ್ಡ ಡ್ರೈವರ್ (ದೂರಕ್ಕೆ ಬಿಸಾಡುವ ಡಿಸ್ಕ್; ಸ್ಪೀಡ್ ನಂಬರ್ ಜಾಸ್ತಿ ಆದಷ್ಟು ಅದಕ್ಕೆ ಕೈಯ ವೇಗ ಜಾಸ್ತಿ ಬೇಕು) ಉಂಟು, ಅಂಚು ಅಗಲ, 175 ಗ್ರಾಂ, ಅದನ್ನೇ ಬೇಕು ಅವನಿಗೆ. ಆ ಡಿಸ್ಕಿಗೆ ಬೇಕಾದ ವೇಗ ಅವನ ಕೈಯಲ್ಲಿ ಇನ್ನೂ ಇಲ್ಲ, ಪ್ರತಿ ಸಲ ಎಡದ ಗೇರುಮರದ ಅಡಿಗೇ ಹೋಗ್ತದೆ. ಅದಕ್ಕಿಂತ ನಿಧಾನದ, ಸ್ಪೀಡ್ 7ರ ಫೇರ್‌ವೇ ಡ್ರೈವರ್ ಕೊಟ್ಟೆ, ದೂರ ಅಷ್ಟೇ ಹೋಯ್ತು, 80 ಮೀಟರ್ ಆಚೀಚೆ, ಆದ್ರೆ ನೇರ! ಅವನ ಮುಖ ನೋಡ್ಬೇಕಿತ್ತು.

ಹಾಗಾದ್ರೆ ದೂರ ಬೇಡ್ವಾ? ಬೇಕು, ಇದನ್ನು ಒತ್ತಿ ಹೇಳ್ಬೇಕು ನಾನು, ಯಾಕಂದ್ರೆ "ಗುರಿ ಇದ್ರೆ ಸಾಕು ಮಾರಾಯ, ದೂರ ಎಂತಕ್ಕೆ" ಅಂತ ಹೇಳುವವರೂ ಇದ್ದಾರೆ, ಅದೂ ತಪ್ಪು. 130 ಬಿಸಾಡಲಿಕ್ಕೆ ಆಗುವವ 100 ಮೀಟರಿನ ಹೋಲಿಗೆ ಮಿಡ್‌ರೇಂಜೋ (ಇನ್ನೂ ನಿಧಾನದ ಡಿಸ್ಕ್) ಫೇರ್‌ವೇ ಡ್ರೈವರೋ ತಗೊಂಡು ಆರಾಮಲ್ಲಿ ಬಿಸಾಡ್ತಾನೆ, ಕಡಿಮೆ ಫೇಡ್, ಕಡಿಮೆ ಜಾರುದು. 100ಕ್ಕೆ ಸರಿಯಾಗಿ ಮುಟ್ಟುವವ ಅದೇ ಹೋಲಿಗೆ ಮೈಯೆಲ್ಲ ಹಾಕ್ಬೇಕು, ಮೈಯೆಲ್ಲ ಹಾಕಿದಾಗ ಡಿಗ್ರಿಗಳು ಕೈ ತಪ್ಪುದು. ದೂರ ಜಾಸ್ತಿ ಇದ್ದವನಿಗೆ ಗುರಿ ಅಗ್ಗಕ್ಕೆ ಸಿಗ್ತದೆ, ಅವ ತನ್ನ ಪೂರ್ತಿ ಬಲ ಹಾಕದೆ ಇದ್ರೆ.

2021ರ ವರ್ಲ್ಡ್ ಚಾಂಪಿಯನ್‌ಶಿಪ್ ನೆನಪಾಗ್ತದೆ. ಯೂಟಾದ ಆಗ್ಡನ್‌ನಲ್ಲಿ ಕೊನೇ ಹೋಲ್, ಪಾಲ್ ಮೆಕ್‌ಬೆತ್ ಒಂದು ಎಸೆತ ಮುಂದೆ, ಹೆಚ್ಚುಕಡಿಮೆ ಮುಗಿದ ಹಾಗೇ. ಜೇಮ್ಸ್ ಕಾನ್ರಾಡ್ ದೂರದಿಂದ ಬಿಸಾಡಿದ್ದು ನೇರ ಸರಪಳಿಗೆ ಹೋಗಿ ಬಿತ್ತು, ಆಟ ಸಮ ಆಯ್ತು, ಆಮೇಲೆ ಪ್ಲೇಆಫಿನಲ್ಲಿ ಅವನೇ ಗೆದ್ದ. ಡಿಸ್ಕ್ ಗಾಲ್ಫಿನಲ್ಲಿ ಜನ ಅತೀ ಹೆಚ್ಚು ನೋಡಿದ ಎಸೆತಗಳಲ್ಲಿ ಅದೊಂದು, ಅದರ ಉದ್ದ 247 ಅಡಿ, ಬರೀ 75 ಮೀಟರ್.

ನಮ್ಮ ಪದವಿನಲ್ಲಿ ಗಾಳಿಯದ್ದೂ ಒಂದು ಪಾಠ ಉಂಟು. ಮಧ್ಯಾಹ್ನ ಮೇಲೆ ಪಡುವಣ ಗಾಳಿ ಸಮುದ್ರದ ಕಡೆಯಿಂದ ಬರ್ತದೆ, ಅದಕ್ಕೆ ಎದುರು ಬಿಸಾಡಿದ್ರೆ ಡಿಸ್ಕ್ ಬಲಕ್ಕೆ ಮಗುಚುವ ಹಾಗೆ ಮಾಡ್ತದೆ, ಗಾಳಿಯ ಜೊತೆ ಬಿಸಾಡಿದ್ರೆ ಎಡಕ್ಕೆ ಬೇಗ ಬೀಳ್ತದೆ. ಹಾಗಾಗಿ ಒಂದೇ ದಿಕ್ಕಿಗೆ ಬಿಸಾಡಿ ಅಳತೆ ಮಾಡಿದ್ರೆ ಅದು ಅಳತೆ ಅಲ್ಲ, ಎರಡೂ ಕಡೆಗೆ ಬಿಸಾಡ್ಬೇಕು.

ನಾನು ಅಳೆಯುದು ಹೀಗೆ. ಹತ್ತು ಡಿಸ್ಕ್ ಬಿಸಾಡುದು, ಅತೀ ದೂರದ್ದು ಒಂದು, ಅತೀ ಹತ್ತಿರದ್ದು ಒಂದು ಬಿಟ್ಟುಬಿಡುದು. ಉಳಿದ ಎಂಟು ಎಷ್ಟು ದೂರ ಅಂತ ಅಲ್ಲ, ಮೊದಲು ಎಷ್ಟು ಅಗಲಕ್ಕೆ ಹರಡಿವೆ ಅಂತ ಹೆಜ್ಜೆ ಹಾಕಿ ನೋಡುದು. ಇಪ್ಪತ್ತು ಮೀಟರ್ ಅಗಲದೊಳಗೆ ಎಂಟೂ ಇದ್ರೆ ಆ ದೂರ ನಿಮ್ಮದು, ಕೋರ್ಸಿನಲ್ಲಿ ಅದನ್ನು ನಂಬಬಹುದು. ಈ ಲೆಕ್ಕದಲ್ಲಿ ನನ್ನ ದೂರ 95 ಮೀಟರ್, ಜೋರು ಬಿಸಾಡಿದ್ರೆ 112ರವರೆಗೆ ಹೋಗ್ತದೆ, ಆದ್ರೆ ಆ 112 ನಾನು ಹೇಳಿಕೊಳ್ಳುದಿಲ್ಲ. ಈಗ ಯಾರಾದ್ರೂ ಕೇಳಿದ್ರೆ ನನ್ನ ಉತ್ತರ ಇದು, ಈ ರೀತಿ ಅಳೆದು 100 ಬಂದ್ರೆ ನೀವು ಒಳ್ಳೆ ಆಟಗಾರ, ಯಾವ ಕೋರ್ಸಿಗೆ ಬೇಕಾದ್ರೂ ಹೋಗಿ.

ಇವತ್ತು ಸಂಜೆ ಹುಡುಗನಿಗೆ ತೋಟದಿಂದ ಎರಡು ಹಗ್ಗ ತಂದು ಎಳೆದು ಕಟ್ಟಿದೆವು, ನಡುವೆ ಇಪ್ಪತ್ತು ಮೀಟರ್. ಸ್ಪೀಡ್ 7ರಲ್ಲಿ ಹತ್ತು ಬಿಸಾಡಿದ, ಆರು ಹಗ್ಗದ ಒಳಗೆ, ಹೆಚ್ಚಿನವು 70 ಮೀಟರ್ ಆಸುಪಾಸಿಗೆ. "ಮಾವ, ಹಾಗಾದ್ರೆ ನನ್ನದು ಎಪ್ಪತ್ತಾ?" ಅಂತ ಕೇಳಿದ. ಇಲ್ಲ, ಎಪ್ಪತ್ತೂ ಇನ್ನೂ ನಿನ್ನದಾಗಲಿಲ್ಲ, ಎರಡು ಉಂಟು ಬಾಕಿ ಅಂದೆ. ಅವ ಏನೂ ಹೇಳದೆ ಡಿಸ್ಕ್ ಹೆಕ್ಕಲಿಕ್ಕೆ ಹೋದ, ಕತ್ತಲೆ ಆಗುವವರೆಗೂ ಬಿಸಾಡಿದ.