ಮೈಲುತುತ್ತ ಮರ ಏರುವ ಬಗೆ

ಆಷಾಢ ಹತ್ತಿರ ಬಂದರೆ ನಮ್ಮ ಸಾಗರದ ಕಡೆಯ ಅಡಿಕೆ ತೋಟಗಳಲ್ಲಿ ಎರಡೇ ಪ್ರಶ್ನೆ: ಮಳೆ ಬಿಡುವು ಕೊಡುವ ಹೊಳವು ಯಾವಾಗ, ಔಷಧಿ ಹೊಡೆಯುವವರು ಸಿಕ್ಕರೇ? ಕೊಳೆರೋಗ ತಡೆಯಲು ಹೊಡೆಯುವ ಬೋರ್ಡೋ ದ್ರಾವಣದ ಲೆಕ್ಕ ಅಪ್ಪಯ್ಯನ ಕಾಲದ್ದೇ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಅದನ್ನು ಐವತ್ತು ಅಡಿ ಎತ್ತರದ ಕೊನೆಗೆ, ಅಂದರೆ ಅಡಿಕೆ ಗೊಂಚಲಿಗೆ, ಮುಟ್ಟಿಸುವುದೇ ಪ್ರತಿ ವರ್ಷದ ತಲೆನೋವು.

ಕೊಳೆರೋಗ ತರುವ ಫೈಟಾಫ್ತೋರಾ ಎಂಬ ಸೂಕ್ಷ್ಮಜೀವಿಯ ಬೀಜಕಣಗಳು ನೀರಿನಲ್ಲಿ ಈಜುತ್ತವೆ. ಜಡಿಮಳೆ ಹಿಡಿದರೆ ಅದಕ್ಕೆ ಹಬ್ಬ. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲೇ ಈ ರೋಗದ ಬಗ್ಗೆ ವಿವರವಾಗಿ ಬರೆದರು. ಬೋರ್ಡೋ ಸಿಂಪಡಣೆಯನ್ನು ಇಲ್ಲಿನ ತೋಟಗಳಿಗೆ ತಂದವರೂ ಅವರೇ. ಅದಕ್ಕೆ ಮುಂಚೆ ಕೊನೆಗಳಿಗೆ ಕೊಟ್ಟೆ (ಹೊದಿಕೆ) ಕಟ್ಟಿ ಮಳೆ ತಡೆಯುತ್ತಿದ್ದರು. ಆದರೆ ಬೋರ್ಡೋ ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ. ಅಲ್ಲಿ ನೆಲದ ಮೇಲೆ ನಿಂತೇ ಬಳ್ಳಿಗೆ ಹೊಡೆಯಬಹುದು. ಇಲ್ಲಿ ಮರ ಹತ್ತುವ ಕೊನೆಗೌಡ ಪೈಪು ಹಿಡಿದು ಜಾರುವ ಮರ ಹತ್ತಬೇಕು, ಕೆಳಗೊಬ್ಬ ಪಂಪು ಒತ್ತುತ್ತಿರಬೇಕು.

ತಾಮ್ರ ರೋಗವನ್ನು ಗುಣಪಡಿಸುವುದಿಲ್ಲ, ಬರದಂತೆ ತಡೆಯುತ್ತದೆ, ಅಷ್ಟೇ. ಹಾಗಾಗಿ ಮಳೆ ಬಲಿಯುವ ಮುಂಚೆಯೇ ಪ್ರತಿ ಕಾಯಿಯ ಮೇಲೂ ತೆಳುಪದರ ಕೂರಬೇಕು, ಸುಮಾರು ನಲವತ್ತೈದು ದಿನಕ್ಕೆ ಮತ್ತೊಮ್ಮೆ. ಸುಣ್ಣ ಸಾಲದಿದ್ದರೆ ಉಳಿದ ತಾಮ್ರ ಎಳೆಗಾಯಿಯನ್ನೇ ಸುಡುತ್ತದೆ. ಉಜ್ಜಿ ಹೊಳಪಾಗಿಸಿದ ಕತ್ತಿಯನ್ನು ಅದ್ದಿ, ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣದ ನೀರು ಬೆರೆಸುತ್ತೇವೆ. ಕಬ್ಬಿಣ ಕರಗಿ ತಾಮ್ರ ಕೂರುವ ಈ ಪಾಠವನ್ನು ಶಾಲೆಯಲ್ಲಿ ಉರುಹೊಡೆದವರೂ ಬ್ಯಾರಲ್ಲಿನ ಮುಂದೆ ನಿಂತಾಗ ಅಂದಾಜಿನಲ್ಲೇ ಸುಣ್ಣ ಸುರಿಯುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಈಗ ಮರ ಹತ್ತುವವರು ಕಡಿಮೆ. ಕಾರ್ಬನ್ ಫೈಬರಿನ ದೋಟಿ (ಉದ್ದನೆಯ ಕೋಲು) ಬಂದಿದೆ. ಅಲ್ಯೂಮಿನಿಯಂ ದೋಟಿ ಉದ್ದವಾದಷ್ಟೂ ಬಾಗುತ್ತಿತ್ತು, ತೋಳು ಸೋಲುತ್ತಿತ್ತು. ಇದು ಹಗುರ, ಗಟ್ಟಿ. ತುದಿಯಲ್ಲಿ ನಾಜಲ್, ಕೆಳಗೆ ಮೋಟಾರು ಪಂಪು. ಆದರೆ ಮರದ ಮೇಲಿದ್ದವನಿಗೆ ಕೊನೆಯ ಹಿಂಬದಿಯೂ ಕಾಣುತ್ತಿತ್ತು. ಕೆಳಗೆ ಕತ್ತು ಎತ್ತಿ ನಿಂತವನಿಗೆ ಹೊಟ್ಟೆಭಾಗ ಮಾತ್ರ ಕಾಣುತ್ತದೆ. ಹನಿ ತೀರಾ ಸಣ್ಣದಾದರೆ ಗಾಳಿಗೆ ಹಾರುತ್ತದೆ, ದಪ್ಪವಾದರೆ ಕಾಯಿಯಿಂದ ಜಾರಿ ತೊಟ್ಟಿಕ್ಕುತ್ತದೆ. ನಾಜಲಿನ ಕೋನ, ಒತ್ತಡ, ಕಾಯಿಗೆ ಅಂಟಿಕೊಳ್ಳಲೆಂದು ಬೆರೆಸುವ ರಾಳ ಮೂರನ್ನೂ ಮತ್ತೆ ಹೊಂದಿಸಬೇಕು. ರೋಗಶಾಸ್ತ್ರ ತಿಳಿದವರೂ ಲೇತ್ ಮುಂದೆ ನಿಲ್ಲುವವರೂ ಒಂದೇ ತೋಟದಲ್ಲಿ ಕೂತು ಮಾಡಬೇಕಾದ ಕೆಲಸವಿದು.

ಇನ್ನೊಂದು ಎಚ್ಚರಿಕೆ: ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ಈ ಸಲ ನಮ್ಮ ತೋಟಕ್ಕೆ ದೋಟಿಯೇ. ವಿದ್ಯುತ್ ತಂತಿಯ ಪಕ್ಕದ ಸಾಲಿಗೆ ಮಾತ್ರ ಕೊನೆಗೌಡನಿಗೆ ಹೇಳಿಟ್ಟಿದ್ದೇನೆ.